ಕಾರ್ಕಳದಿಂದ ತಿದ್ದಿದ ಸಾಲುಗಳು

ಬೆನೆಡಿಕ್ಟಾಳ ತಾಯಿ ರೋಸಿಬಾಯಿಗೆ ಪಾರ್ಶ್ವವಾಯು ಬಡಿದದ್ದು ೧೯೮೮ರಲ್ಲಿ. ಕಣ್ಣೂ ಮಂಜಾಯಿತು. ಅಂದಿನಿಂದ ಮುದುಕಿ ಮಗಳ ಕೈಯಿಂದಲ್ಲದೆ ಒಂದು ಚಮಚ ಗಂಜಿಗೂ ಬಾಯಿ ತೆರೆಯುತ್ತಿರಲಿಲ್ಲ. ಮಗಳ ಕೆಲಸವೋ ಮಣಿಪಾಲದ ಒಂದು ಪುಸ್ತಕ ಪ್ರಕಾಶನದಲ್ಲಿ, ಮನೆ ಕಾರ್ಕಳದಲ್ಲಿ. ಮಧ್ಯಾಹ್ನ ಬಂದು ಹೋಗುವ ದಾರಿಯೇ ಅದು? ಕೆಲಸ ಬಿಟ್ಟರೆ ಔಷಧಿಗೆ ಗತಿಯಿಲ್ಲ.

ಮೇಲಧಿಕಾರಿ ಮುದ್ದಣ್ಣನವರ ಬಾಯಿ ಜೋರು, ಮನಸ್ಸು ಮೆದು. ಕಾರ್ಕಳದ ಶಾಖೆಯಲ್ಲಿ ಒಂದು ಸಣ್ಣ ಕಂಪ್ಯೂಟರ್ ಇಡಿಸಿ, "ಒಂದು ತಿಂಗಳು ನೋಡುವ. ಸರಿಯಾಗದಿದ್ದರೆ ಇಲ್ಲಿಗೇ ಬರಬೇಕು" ಎಂದರು.

ತಿದ್ದಬೇಕಾದ ದಾದಿಯರ ಪಠ್ಯಪುಸ್ತಕ ಇದ್ದದ್ದು ಮಣಿಪಾಲದ ದೊಡ್ಡ ಕಂಪ್ಯೂಟರಿನೊಳಗೆ. ಟೆಲಿಫೋನ್ ತಂತಿಯ ಮೂಲಕ ನೇರ ತಿದ್ದಲು ಹೋದರೆ, ಇಲ್ಲಿ ಒತ್ತಿದ ಅಕ್ಷರ ಅಲ್ಲಿಗೆ ಹೋಗಿ ಪರದೆಗೆ ಮರಳುವಷ್ಟರಲ್ಲಿ ಒಂದು ಚಹಾ ಕುಡಿದು ಮುಗಿಸಬಹುದು. ನಡುವೆ ಲೈನ್ ಕಡಿಯಿತೋ, ಮಾಡಿದ್ದೆಲ್ಲ ನೀರುಪಾಲು. ಬೆನೆಡಿಕ್ಟಾ ಒಂದು ಉಪಾಯ ಮಾಡಿದಳು. ಅಧ್ಯಾಯವನ್ನು ಒಮ್ಮೆ ತನ್ನ ಕಂಪ್ಯೂಟರಿಗೆ ತರಿಸಿಕೊಂಡು, ಫೋನ್ ಇಟ್ಟು, ನಿಧಾನವಾಗಿ ತಿದ್ದಿ, ಕೊನೆಗೆ ಬದಲಾದ ಸಾಲುಗಳನ್ನಷ್ಟೇ ಸಾಲಿನ ನಂಬರ್ ಸಮೇತ ಕಳುಹಿಸುವುದು. ಆ ನಂಬರಿನ ಹಳೆಯ ಸಾಲು ತೆಗೆದು ಹೊಸದನ್ನು ಇಡುವ ಕೆಲಸ ದೊಡ್ಡ ಕಂಪ್ಯೂಟರಿನದು. ಹತ್ತೇ ನಿಮಿಷ. ಹನ್ನೆರಡಕ್ಕೆ ಮನೆ.

ಮೂರು ವಾರ ಸುಸೂತ್ರ. ಒಂದು ದಿನ ಮುದ್ದಣ್ಣನವರು ಮಣಿಪಾಲದಲ್ಲಿ ಅಧ್ಯಾಯದ ತಲೆಗೆ ಎರಡು ಸಾಲು ಸೇರಿಸಿದರು, ಇವಳಿಗೆ ಹೇಳಲಿಲ್ಲ. ನಂಬರುಗಳೆಲ್ಲ ಎರಡೆರಡು ಜಾರಿ, ಅವಳ ತಿದ್ದುಪಡಿಗಳು ಬೇರೆ ಸಾಲುಗಳ ಮೇಲೆ ಹೋಗಿ ಕುಳಿತವು. ಕೂಸಿನ ಸ್ನಾನದ ನಡುವೆ ಇಂಜೆಕ್ಷನ್!

"ಎಂತ ಮಾರಾಯ್ತಿ ಇದು? ಸೋಮವಾರದಿಂದ ಇಲ್ಲಿಗೇ ಬನ್ನಿ" ಎಂದು ಮುದ್ದಣ್ಣನವರು ಫೋನಿನಲ್ಲಿ ಗದರಿದರು.

ತಪ್ಪು ಯಾರದೆಂದು ವಾದಿಸಿ ಗೆದ್ದರೂ ನಾಳೆ ಮತ್ತೆ ಇದೇ ಆಗುತ್ತಿತ್ತು. ಮಣಿಪಾಲಕ್ಕೆ ಹೋದರೆ ಮಧ್ಯಾಹ್ನ ಅಮ್ಮ ಉಪವಾಸ. ಆ ಮಧ್ಯಾಹ್ನ ಅದೇ ಯೋಚನೆಯಲ್ಲಿ, ದಿನವೂ ಕೂರುವ ಕಡೆ ಬಿಟ್ಟು ಮಂಚದ ಮೇಲೆ ತುಸು ಕೆಳಗೆ, ಅಮ್ಮನ ಮೊಣಕಾಲ ಬಳಿ ಕುಳಿತಳು. ರೋಸಿಬಾಯಿಯ ಎಡಗೈ ಎಂದಿನ ಜಾಗದಲ್ಲಿ ತಡಕಾಡಿತು. ಸಿಗಲಿಲ್ಲ. ಹಾಗೇ ಹಾಸಿಗೆಯುದ್ದಕ್ಕೂ ಸವರುತ್ತ ಬಂದು ಮಗಳ ಬಳೆ ಮುಟ್ಟಿದ ಮೇಲೆ ಬಾಯಿ ತೆರೆಯಿತು.

ಬೆನೆಡಿಕ್ಟಾಳ ಚಮಚ ಅಲ್ಲೇ ನಿಂತಿತು. ಅಮ್ಮ ಜಾಗವನ್ನು ನಂಬಲಿಲ್ಲ, ಕೈಯನ್ನು ಹುಡುಕಿದರು. ಸಾಲಿಗೆ ನಂಬರ್ ಯಾಕೆ? ಹಳೆಯ ಸಾಲನ್ನೇ ಬರೆದು, ಇದನ್ನು ಹುಡುಕು, ಸಿಕ್ಕಲ್ಲಿ ಹೊಸದನ್ನು ಇಡು, ಸಿಗದಿದ್ದರೆ ಮುಟ್ಟಬೇಡ ಎಂದು ದೊಡ್ಡ ಕಂಪ್ಯೂಟರಿಗೆ ಹೇಳಿದರಾಯಿತು.

ಮುದ್ದಣ್ಣನವರಿಗೆ ಮೊದಲೇ ತಿಳಿಸಿ, ಶನಿವಾರ ಹಾಗೆಯೇ ಕಳುಹಿಸಿದಳು. ಮುದ್ದಣ್ಣನವರು ಪರೀಕ್ಷೆಗೆಂದೇ ಮೇಲೆ ಏಳು ಸಾಲು ತುರುಕಿ ಕುಳಿತಿದ್ದರು. ತಿದ್ದಿದ ಒಂದೊಂದು ಸಾಲೂ ಅದರದರ ಜಾಗಕ್ಕೇ ಬಂತು. ಎಲ್ಲವನ್ನೂ ನೋಡಿ ಮುಗಿಸಿ ಅವರು ಕಾರ್ಕಳಕ್ಕೆ ಫೋನ್ ಮಾಡಿದರು.

"ಸರ್, ಸೋಮವಾರ ಎಷ್ಟು ಗಂಟೆಗೆ ಬರಲಿ?"

"ಎಂತಕ್ಕೆ ಬರುವುದು? ಗಂಟೆ ಹನ್ನೆರಡಾಯಿತು. ಅಲ್ಲಿ ಅಮ್ಮ ಕಾಯುತ್ತಿದ್ದಾರೆ, ಫೋನ್ ಇಟ್ಟು ಮನೆಗೆ ಹೋಗಿ."