ಬರೀ ಇಟ್ಟ ಕೈ

ಕಸ್ತೂರಕ್ಕ, ನಿಮ್ಮ ಬೆನ್ನಿಗೆ ನಾನು ಏನೂ ಮಾಡಿರಲಿಲ್ಲ. ಕೈ ಇಟ್ಟಿದ್ದೆ, ಅಷ್ಟೇ. ಒತ್ತಿರಲಿಲ್ಲ, ತಿರುಗಿಸಿರಲಿಲ್ಲ, ಒಂದು ಕೀಲನ್ನೂ ಸಡಿಲಿಸಿರಲಿಲ್ಲ. ಇದನ್ನು ಹೇಳಬೇಕಾದ ದಿನ ಹೇಳದೆ ನುಂಗಿಕೊಂಡೆ. ಹೇಳಿದ್ದರೆ ನಿಮ್ಮ ಯಜಮಾನರ ಎಡಗಾಲು ಇವತ್ತು ಹೀಗಿರುತ್ತಿರಲಿಲ್ಲವೇನೋ — ಆ ‘ಏನೋ’ ಎಂಬುದರ ಹಿಂದೆಯೇ ಇಷ್ಟು ವರ್ಷ ಅಡಗಿ ಕೂತಿದ್ದೇನೆ.

ಆಗ ಚಿಕ್ಕೋಡಿಯಲ್ಲಿ ನಾನು ಫಿಜಿಯೋಥೆರಪಿಯ ಕೋಣೆ ತೆರೆದು ಬಹಳ ಕಾಲವಾಗಿರಲಿಲ್ಲ. ಬೆನ್ನುನೋವಿಗೆ ಕೈಯಿಂದ ಕೊಡುವ ಚಿಕಿತ್ಸೆ ನಿಜಕ್ಕೂ ಎಷ್ಟು ಗುಣ ಕೊಡುತ್ತದೆ ಎಂದು ತಿಳಿಯಹೊರಟಿದ್ದ ಕೆಲವು ಸಂಶೋಧಕರು ನನ್ನನ್ನೂ ಸೇರಿಸಿಕೊಂಡರು. ಪದ್ಧತಿ ಸರಳ. ಬಂದವರಲ್ಲಿ ಅರ್ಧ ಜನರಿಗೆ ಕಲಿತ ವಿದ್ಯೆಯನ್ನೆಲ್ಲ ಬಳಸಿ ಚಿಕಿತ್ಸೆ. ಉಳಿದವರಿಗೆ ಅದೇ ಮಂಚ, ಅಷ್ಟೇ ಹೊತ್ತು, ಆದರೆ ಬರೀ ಕೈ ಇಡುವುದು. ಎರಡರಲ್ಲಿ ಯಾವುದೋ ಒಂದು ಸಿಗುತ್ತದೆ ಎಂದು ಮೊದಲೇ ಹೇಳಿ ಒಪ್ಪಿಗೆ ಪಡೆಯುತ್ತಿದ್ದೆವು, ಯಾವುದೆಂದು ಮಾತ್ರ ಹೇಳುವಂತಿರಲಿಲ್ಲ. ಎಲ್ಲ ಮುಗಿದ ಮೇಲೆ ಒಬ್ಬೊಬ್ಬರನ್ನೇ ಕೂರಿಸಿಕೊಂಡು ನಿಜ ತಿಳಿಸಬೇಕು ಎಂಬುದು ಕರಾರು. ನಿಮ್ಮ ಪಾಲಿಗೆ ಬಂದದ್ದು ಬರೀ ಕೈ.

ಆ ಮಧ್ಯಾಹ್ನಗಳು ಈಗಲೂ ನನಗೆ ಎಚ್ಚರದಲ್ಲಿ ನಡೆದವು ಅನ್ನಿಸುವುದಿಲ್ಲ. ನೀವು ಅಂಕಲಿಯಿಂದ ಬಸ್ಸಿನಲ್ಲಿ ಬಂದು ಬೋರಲು ಮಲಗುತ್ತಿದ್ದಿರಿ. ಕಿಟಕಿಯ ಹಸಿರು ಪರದೆಯಿಂದ ಬಿಸಿಲು ಸೋಸಿ ಕೋಣೆಯೆಲ್ಲ ಕೆರೆಯ ತಳದ ಹಾಗೆ ಕಾಣುತ್ತಿತ್ತು. ದೂರದ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಮರಾಠಿ ಹಾಡು ಹಚ್ಚಿಕೊಂಡು ಹೋಗುತ್ತಿದ್ದವು — ಹಾಡು ಹತ್ತಿರ ಬರುತ್ತಿತ್ತು, ಕರಗುತ್ತಿತ್ತು, ಮತ್ತೊಂದು ಬರುತ್ತಿತ್ತು. ನನ್ನ ಅಂಗೈ ಕೆಳಗೆ ನಿಮ್ಮ ಉಸಿರು ಏಳುತ್ತಿತ್ತು, ಇಳಿಯುತ್ತಿತ್ತು. ನೀವು ಅರೆನಿದ್ದೆಯಲ್ಲಿ ಹೊಳೆಯ ಮಾತಾಡುತ್ತಿದ್ದಿರಿ, ಸಣ್ಣವರಿದ್ದಾಗ ಯಡೂರಿನ ದಂಡೆಯಲ್ಲಿ ಕಾಲು ಇಳಿಬಿಟ್ಟು ಕೂತದ್ದು, ಮೀನು ಬಂದು ಬೆರಳು ಮುಟ್ಟಿದ್ದು. ಕೇಳುತ್ತ ಕೇಳುತ್ತ ನನ್ನ ಕೈ ಯಾವುದು, ನಿಮ್ಮ ಬೆನ್ನು ಯಾವುದು ಎಂದು ತಿಳಿಯದಂತಾಗುತ್ತಿತ್ತು. ನಿಮ್ಮ ನೋವು ಕಡಿಮೆಯಾಗುತ್ತ ಬಂತು.

ಒಂದು ದಿನ ಮಲಗುವ ಮೊದಲೇ ನಗುತ್ತ ಕೇಳಿದಿರಿ.

“ಬಾಯಾರ, ನೀವು ಪಾಯಾಳು ಅದೀರಂತಲ್ರಿ? ಕಬ್ಬೂರಾಗ ನಮ್ಮ ನೆಗೆಣ್ಣಿ ತವರಮನಿ ಐತಿ, ಆಕಿ ಹೇಳಿದ್ಲು. ಇನ್ನ ನನ್ನ ಬ್ಯಾನಿ ಎಲ್ಲಿ ಉಳಿತೈತಿ ಬಿಡ್ರಿ!”

ನಿಜ, ನಾನು ಕಾಲು ಮುಂದಾಗಿ ಹುಟ್ಟಿದವಳು. ಅಂಥವರ ಹಿಮ್ಮಡಿ ಸೋಕಿದರೆ ಹಿಡಿದುಕೊಂಡ ಸೊಂಟ ಬಿಡುತ್ತದೆ ಎಂಬ ನಂಬಿಕೆ ಮರಾಠಿ ಸೀಮೆಯ ಗಡಿಯ ಈಚೆಗೂ ಇದೆ, ಆಚೆಗೂ ಇದೆ. ಸಣ್ಣವಳಿದ್ದಾಗ ಕಬ್ಬೂರಿನ ನಮ್ಮ ಹೊಸ್ತಿಲ ಬಳಿ ಹಿರಿಹಿರಿಯರು ಬೋರಲು ಮಲಗುತ್ತಿದ್ದರು. ಅವ್ವ ನನ್ನ ರಟ್ಟೆ ಹಿಡಿದು ಅವರ ಬೆನ್ನ ಮೇಲೆ ನಿಲ್ಲಿಸುತ್ತಿದ್ದಳು. ಅದನ್ನು ಮರೆಯಲೆಂದೇ ಅಂಗರಚನೆ, ನರವ್ಯೂಹ ಎಲ್ಲ ಓದಿದೆ ಎಂದುಕೊಂಡಿದ್ದೆ. ನಿಮ್ಮ ಬಾಯಿಂದ ಆ ಮಾತು ಬಂದಾಗ ಸಂಶೋಧಕರಿಗೆ ತಿಳಿಸಬೇಕಿತ್ತು, ಈಕೆ ನನ್ನ ಕೈಯನ್ನಲ್ಲ, ನನ್ನ ಹುಟ್ಟನ್ನು ನಂಬಿ ಮಲಗಿದ್ದಾಳೆ ಎಂದು. ನಾನು ಬರೀ ನಕ್ಕೆ. ಒಳಗೊಳಗೇ ಹಿತವಾಗಿತ್ತು.

ಕೊನೆಗೆ ನಿಜ ಹೇಳುವ ದಿನ ನೀವು ಶೇಂಗಾ ಹೋಳಿಗೆ ಕಟ್ಟಿಕೊಂಡು ಬಂದಿರಿ. ಬಗ್ಗಿ ಸೆಗಣಿ ಬುಟ್ಟಿ ಎತ್ತುತ್ತೇನೆ ಎಂದಿರಿ, ಹೊರಗೆ ಕಾದಿದ್ದವರಿಗೆಲ್ಲ ನನ್ನ ಕೈಗುಣ ಹಾಡಿದಿರಿ. ಬಾಯಿ ತೆರೆದೆ... ಹೇಳಿದರೆ ನೋವು ಮರಳೀತು ಎಂದು ಸುಮ್ಮನಾದೆ ಅಂತ ಬರೆಯಬಹುದು. ಅದು ಅರ್ಧ ನಿಜವೂ ಹೌದು. ಇನ್ನರ್ಧ ಏನೆಂದರೆ, ಹೊಗಳಿಕೆಗೆ ಉಬ್ಬಿದ್ದೆ. ದೇವರಂತೆ ನೋಡುವವರ ಮುಂದೆ ಮನುಷ್ಯಳಾಗಿ ಇಳಿಯಲು ಮನಸ್ಸಾಗಲಿಲ್ಲ. ಎಲ್ಲರಿಗೂ ತಿಳಿಸಿದ್ದೇನೆ ಎಂದು ತಂಡಕ್ಕೆ ಹೇಳಿ ಕೈತೊಳೆದುಕೊಂಡೆ.

ಮುಂದಿನ ಚಳಿಗಾಲ ನಿಮ್ಮ ಯಜಮಾನರಾದ ರಾವಸಾಬರನ್ನು ಕರೆತಂದಿರಿ. ಕಬ್ಬಿನ ಟ್ರ್ಯಾಕ್ಟರು ಓಡಿಸುವ ಗಟ್ಟಿ ಆಳು, ಸೊಂಟ ಹಿಡಿದುಕೊಂಡು ಬಂದಿದ್ದರು. ಒಳಗೆ ಬಂದಾಗ ಅವರ ಒಂದೇ ಕಾಲಲ್ಲಿ ಚಪ್ಪಲಿ ಇತ್ತು. ಇನ್ನೊಂದು ಹೊರಗಿನ ಮೆಟ್ಟಿಲ ಮೇಲೆ ಕಳಚಿ ಬಿದ್ದಿತ್ತು, ಅವರಿಗೆ ಅದು ಗೊತ್ತೇ ಆಗಿರಲಿಲ್ಲ.

“ಈ ಕಾಲ ನಂದೋ ಮಂದೀದೋ ತಿಳಿವಲ್ದ್ರಿ” ಎಂದು ಅವರೇ ನಕ್ಕರು.

ನಾನು ನಗುವಂತಿರಲಿಲ್ಲ. ಬೆನ್ನುನೋವಿನ ಜೊತೆ ಪಾದದ ಬಲ ಹೋಗುತ್ತಿದ್ದರೆ ನರ ಒತ್ತಡಕ್ಕೆ ಸಿಕ್ಕಿದೆ ಎಂದರ್ಥ, ಉಜ್ಜುತ್ತ ಕೂರಬಾರದು, ಕೂಡಲೇ ದೊಡ್ಡಾಸ್ಪತ್ರೆಗೆ ಕಳಿಸಬೇಕು. ಇದನ್ನು ಮೊದಲ ವರ್ಷ ಓದುವವರೂ ಹೇಳುತ್ತಾರೆ. ಪಾದ ಎತ್ತಿ ಎಂದೆ, ಎಡಪಾದ ಸರಿಯಾಗಿ ಏಳಲಿಲ್ಲ. ಅಷ್ಟರಲ್ಲಿ ನೀವು ಕೇಳಿದಿರಿ.

“ಮಿರಜಿ ದೊಡ್ಡ ದವಾಖಾನಿಗೆ ಕರಕೊಂಡ ಹೋಗಂತ ಮಗಾ ಗಂಟಬಿದ್ದಾನ್ರಿ. ನಾ ಅಂದೆ, ಬಾಯಾರ ಕೈಗುಣ ಇರೂತನಾ ಮಿರಜಿ ಯಾಕ? ನೀವ ಹೇಳ್ರಿ, ಹೋಗೂನೇನ?”

ನನ್ನ ಬಾಯಿಂದ ಬಂದ ಮಾತು ಇದು: “ಅವಸರ ಬ್ಯಾಡ್ರಿ ಅಕ್ಕಾ. ನಾ ಅದೀನಲ್ಲ.”

ಯಾಕೆ ಹಾಗಂದೆ? ಹೊರಗೆ ಜನ ಕೂತಿದ್ದರು, ಸೋಲೊಪ್ಪಲು ನಾಚಿಕೆಯಾಯಿತು, ಇರಬಹುದು. ಆದರೆ ತಳದಲ್ಲಿ ಇನ್ನೊಂದಿತ್ತು, ಹೇಳಲು ಇನ್ನೂ ನಾಚಿಕೆ. ನಾನೇ ನಂಬತೊಡಗಿದ್ದೆ. ಬರೀ ಇಟ್ಟ ಕೈ ನಿಮ್ಮನ್ನು ಎಬ್ಬಿಸಿತು ಎಂದಮೇಲೆ ವಿದ್ಯೆ ತುಂಬಿದ ಕೈ ಏನು ತಾನೇ ಮಾಡಲಾರದು... ಓದಿದವಳ ಅಂಗಿ ತೊಟ್ಟು ಒಳಗೆ ಆ ಪಾಯಾಳು ಹುಡುಗಿಯೇ ನಿಂತಿದ್ದಳು. ದಿನ ಬಿಟ್ಟು ದಿನ ಅವರನ್ನು ಬರಹೇಳಿದೆ. ಸೊಂಟದ ನೋವು ಇಳಿಯಿತು, ನೀವು ಹಿಗ್ಗಿದಿರಿ. ಪಾದ ಮಾತ್ರ ಜೋತುಬಿತ್ತು. ಕೊನೆಗೆ ನಿಮ್ಮ ಮಗ ಹಟ ಹಿಡಿದು ಮಿರಜಿಗೆ ಒಯ್ದ. ಆಪರೇಷನ್ ಆಯಿತು, ಆದರೆ ತಡವಾಗಿತ್ತು ಎಂದು ಅಲ್ಲಿಯ ಡಾಕ್ಟರು ಹೇಳಿದರು. ಪಾದದ ಬಲ ಮರಳಲಿಲ್ಲ, ಟ್ರ್ಯಾಕ್ಟರು ಓಡಿಸುವುದೂ ನಿಂತಿತು.

ಆಮೇಲೂ ನೀವು ಬಂದಿರಿ, ನನ್ನನ್ನು ಬೈಯಲಿಲ್ಲ. “ನಾನ ತಡಾ ಮಾಡಿದ್ನಿರಿ, ನೀವೇನ ಮಾಡ್ತೀರಿ” ಎಂದಿರಿ. ನಾನು ಅದನ್ನು ಹಾಗೆಯೇ ಇರಗೊಟ್ಟೆ. ನನ್ನ ಮೂಟೆ ನಿಮ್ಮ ಬೆನ್ನ ಮೇಲೆ ಸದ್ದಿಲ್ಲದೆ ಹೊರಿಸಿದೆ.

ಅಂದಿನಿಂದ ಒಂದು ಕನಸು. ಯಡೂರಿನ ಬಳಿ ಕೃಷ್ಣೆ, ಮಂಜು ಮುಸುಕಿ ಆಚೆ ದಡ ಕಾಣದು. ನಾನು ದೋಣಿಯಲ್ಲಿದ್ದೇನೆ. ಒಂಟಿ ಚಪ್ಪಲಿ ತೇಲಿಬರುತ್ತದೆ. ಕೈ ಚಾಚುತ್ತೇನೆ — ಕೈ ನೀರ ಮೇಲೆ ಸುಮ್ಮನೆ ಇಟ್ಟಂತೆ ನಿಲ್ಲುತ್ತದೆ, ಹಿಡಿಯಲು ಬೆರಳು ಮಡಚುವುದಿಲ್ಲ. ಚಪ್ಪಲಿ ಅಂಗೈಯನ್ನು ಸವರಿಕೊಂಡು ಹೋಗುತ್ತದೆ. ಎದ್ದಾಗ ಅಂಗೈ ತಣ್ಣಗಿರುತ್ತದೆ.

ಈಚೆಗೆ ಇಂಥ ಸಂಶೋಧನೆಯ ಬರಹಗಳನ್ನು ಬಹಳ ಓದುತ್ತೇನೆ. ಪಳಗಿದ ಕೈಚಿಕಿತ್ಸೆಗೂ ಬರೀ ಸ್ಪರ್ಶಕ್ಕೂ ನಾವು ತಿಳಿದಷ್ಟು ಅಂತರ ಇರಲಿಕ್ಕಿಲ್ಲ ಎಂದು ಕೆಲವು ಹೇಳುತ್ತವೆ, ಇದೆ ಎಂದು ಕೆಲವು. ನಂಬಿಕೆ, ಒಳ್ಳೆಯ ಮಾತು, ಯಾರೋ ಹತ್ತಿರ ಕೂತದ್ದು, ಇವೆಲ್ಲ ನೋವನ್ನು ಇಳಿಸಬಲ್ಲವಂತೆ. ಮೊದಲ ಸಲ ಓದಿದಾಗ, ಹಾಗಾದರೆ ಕಸ್ತೂರಕ್ಕನಿಗೆ ನಾನು ಮೋಸ ಮಾಡಲಿಲ್ಲ ಎಂದು ಜೀವ ಹಗುರಾಯಿತು. ಒಂದು ಚಹಾ ಕುಡಿಯುವಷ್ಟು ಹೊತ್ತು. ನಿಮ್ಮ ನೋವು ಇಳಿದದ್ದು ಸುಳ್ಳಲ್ಲ, ಅಕ್ಕ. ಅದನ್ನು ಯಾರೂ ನಿಮ್ಮಿಂದ ಕಸಿಯಲಾರರು. ಆದರೆ ಇಳಿದ ನೋವನ್ನು ನನ್ನ ಪವಾಡ ಮಾಡಿಕೊಂಡು, ಅದರ ಬಲದ ಮೇಲೆ ಇನ್ನೊಬ್ಬರ ಕಾಲನ್ನು ಕಾಯಿಸಿದವಳು ನಾನು. ನೋವು ನಂಬಿಕೆಗೆ ಬಗ್ಗಬಹುದು, ಒತ್ತಡಕ್ಕೆ ಸಿಕ್ಕಿ ಸಾಯುತ್ತಿರುವ ನರ ಬಗ್ಗುವುದಿಲ್ಲ. ಅಷ್ಟು ಗೊತ್ತಿದ್ದೂ ಬಾಯಿ ಬಿಡಲಿಲ್ಲ.

ಮೊನ್ನೆ ನೀವು ಸೊಸೆಯ ಕುತ್ತಿಗೆ ನೋವೆಂದು ಕರೆತಂದಿರಿ. ಆಕೆ ಮಂಚದ ಮೇಲೆ ಬೋರಲು ಮಲಗಿದ್ದಾಗ ನನ್ನ ಪಕ್ಕ ನಿಂತು ಮೆಲ್ಲಗೆ ಅಂದಿರಿ.

“ಅವರು ನನ್ನ ಕೂಡ ಜಗಳಾ ಮಾಡಂಗಿಲ್ರಿ ಬಾಯಾರ. ಮಾಡಿದ್ರ ಚಲೋ ಇತ್ತ. ನಾನ ಅವರ ಕಾಲ ತಿಂದೆ. ಇಷ್ಟ ವರ್ಷ ಆತು, ಅವರ ಮಾರಿ ನೋಡಿ ಮಾತಾಡಾಕ ಆಗವಲ್ದು ನನಗ. ತಾಟ ಇಡತೇನಿ, ಹೊಳ್ಳಿ ಬರತೇನಿ.”

ಆಗಲೂ ಹೇಳಲಿಲ್ಲ ನಾನು! ನಿಮ್ಮ ಸೊಸೆಯ ಕುತ್ತಿಗೆ ನೋಡುತ್ತ ನಿಂತೆ. ನೀವು ಹೋದ ಮೇಲೆ ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು. ಒಂದು ಕಾಲು ಕೆಡಿಸಿದ್ದೇನೆ ಎಂದಷ್ಟೇ ತಿಳಿದಿದ್ದೆ. ಒಂದು ಸಂಸಾರದ ಮಾತನ್ನೇ ನಿಲ್ಲಿಸಿದ್ದೇನೆ ಎಂದು ತಿಳಿದಿರಲಿಲ್ಲ.

ಬರುವ ಭಾನುವಾರ ಅಂಕಲಿಗೆ ಬರುತ್ತೇನೆ. ಇಬ್ಬರೂ ಮನೆಯಲ್ಲಿರಿ. ಚಹಾಕ್ಕಿಡಬೇಡಿ, ಮೊದಲು ಕೇಳಿ. ಮಿರಜಿಗೆ ಹೋಗೋಣವೇ ಎಂದು ನೀವು ಕೇಳಿದ್ದಿರಿ, ಬೇಡ ಎಂದವಳು ನಾನು — ಇದನ್ನು ರಾವಸಾಬರ ಎದುರಿಗೇ ನಿಂತು, ನಿಮಗೆ ಕೇಳುವ ಹಾಗೆ ಹೇಳುತ್ತೇನೆ. ಬೈದರೆ ಬೈಸಿಕೊಳ್ಳುತ್ತೇನೆ, ದೂರು ಕೊಟ್ಟರೆ ಹೌದೆನ್ನುತ್ತೇನೆ. ಆಮೇಲೆ ನೀವು ಎಂದಿಗೂ ನನ್ನ ಮುಖ ನೋಡದಿದ್ದರೂ ನಡೆದೀತು. ಅವರ ಮುಖ ನೋಡಿ ಮಾತಾಡಿ, ಅಕ್ಕ.