ಎಸ್ಟಿಸ್ ಗೋರಿಯ ಮೇಲಿನ ಸುಳ್ಳು

ಲಿಂಕನ್ನರ ಬಿಡುಗಡೆಯ ಆಜ್ಞೆ ನಮ್ಮ ಕೆಂಟಕಿಯ ಒಬ್ಬನೇ ಒಬ್ಬ ಗುಲಾಮನನ್ನೂ ಬಿಡಿಸಲಿಲ್ಲ. ಒಕ್ಕೂಟ ಬಿಟ್ಟು ಬಂಡೆದ್ದ ರಾಜ್ಯಗಳಿಗಷ್ಟೇ ಅದು ಅನ್ವಯ. ನಮ್ಮದು ಒಳಗೇ ಉಳಿದಿತ್ತು. ದೇಶ ಒಡೆಯಬಾರದೆಂದು ಆತ ಇಲ್ಲಿನ ಧಣಿಗಳನ್ನು ಕೆಣಕಲಿಲ್ಲ. ಆ ಒಗ್ಗಟ್ಟು ಉಳಿದದ್ದು ಗುಲಾಮರಾಗಿದ್ದ ನಮ್ಮವರ ಬೆನ್ನಿನ ಮೇಲೆ.

ಈ ಶುಕ್ರವಾರ ಲಿಂಕನ್ನರ ನೂರನೇ ಹುಟ್ಟುಹಬ್ಬ. ಅಂದು ಊರಿನ ದೊಡ್ಡವರು ಹಳೆಯ ಧಣಿ ಬರ್ವೆಲ್ ಎಸ್ಟಿಸ್‌ನ ಗೋರಿಗೆ ಹೂವಿಡುತ್ತಾರಂತೆ. ಕಲ್ಲಿನಲ್ಲಿ ಕೆತ್ತಿದೆ: 'ತನ್ನ ಆಳುಗಳನ್ನು ತಾನಾಗಿ ಬಿಡುಗಡೆ ಮಾಡಿದ ಪುಣ್ಯಾತ್ಮ.' ಆ ಆಳುಗಳಲ್ಲೊಬ್ಬಳು, ಟೆಂಪಿ ಅಜ್ಜಿ, ಇನ್ನೂ ಬದುಕಿದ್ದಾಳೆ. ತಾನು ಸಾಯುವ ಮುಂಚೆ ಆ ಸಾಲು ಸಾಯಬೇಕು, ಅಷ್ಟೇ ಅವಳಿಗೆ ಬೇಕಾದ್ದು.

ಅವಳು ಎಸ್ಟಿಸ್‌ನ ಹೊಲದಲ್ಲಿ ಸೆಣಬು ಬಡಿಯುತ್ತಿದ್ದವಳು. ಸಾವಿರದ ಎಂಟುನೂರ ಅರವತ್ನಾಲ್ಕರಲ್ಲಿ ಗಂಡ ಐಶಮ್ ತಪ್ಪಿಸಿಕೊಂಡು ಹೋಗಿ ಒಕ್ಕೂಟದ ಸೈನ್ಯ ಸೇರಿದ. ಮರುವರ್ಷ ಮಾರ್ಚಿನಲ್ಲಿ ಕಾನೂನು ಬಂತು: ಸಿಪಾಯಿಯ ಹೆಂಡತಿ ಮಕ್ಕಳು ಸ್ವತಂತ್ರರು. ಟೆಂಪಿ ಹದಿನಾಲ್ಕು ಮೈಲಿ ನಡೆದು ಸೈನ್ಯದ ಅಧಿಕಾರಿಯ ಮುಂದೆ ನಿಂತಳು. ಬೆನ್ನಹಿಂದೆಯೇ ಎಸ್ಟಿಸ್ ಕುದುರೆಯೇರಿ ಬಂದ. ಇವಳಿಗೆ ಮದುವೆಯೇ ಆಗಿಲ್ಲ, ಪಾದ್ರಿಯಿಲ್ಲ, ಕಾಗದವಿಲ್ಲ ಎಂದು ವಾದಿಸಿದ. ನಮ್ಮವರಿಗೆ ಪಾದ್ರಿ ಎಲ್ಲಿಂದ ಬರಬೇಕು? ಗಂಡು ಹೆಣ್ಣು ಕೈಹಿಡಿದು, ಅಡ್ಡ ಹಿಡಿದ ಪೊರಕೆಯ ಮೇಲಿಂದ ಹಾರಿದರೆ ಅದೇ ಮದುವೆ.

"ಪೊರಕೆ ಹಾರಿದೀವಿ ಸ್ವಾಮಿ," ಎಂದಳು ಟೆಂಪಿ.

ಎಸ್ಟಿಸ್‌ಗೆ ನಗು ತಡೆಯಲಾಗಲಿಲ್ಲ. "ಹಾರಿದ್ಳಂತೆ! ಪೊರಕೆ ಹಿಡಿದಿದ್ದೇ ನಾನು. ಬೇಕಂತ್ಲೇ ಮೊಣಕಾಲ ಮಟ್ಟಕ್ಕೆ ಎತ್ತಿದೆ, ಮುಗ್ಗರಿಸಿ ಬಿದ್ಳು. ಬಂದಿದ್ದ ನೆಂಟರೆಲ್ಲ ಹೊಟ್ಟೆ ಹಿಡ್ಕೊಂಡು ನಕ್ಕರು."

ಅಧಿಕಾರಿ ಲೇಖನಿ ಎತ್ತಿಕೊಂಡ. "ಹಾಗಾದ್ರೆ ಮದುವೆಗೆ ಸಾಕ್ಷಿ ನೀವೇ ಆದ್ರಿ."

ಪುಣ್ಯಾತ್ಮ ಬಿಡುಗಡೆ ಮಾಡಿದ್ದು ಹೀಗೆ. ಉಳಿದವರನ್ನು ಆ ಡಿಸೆಂಬರಿನಲ್ಲಿ ಗುಲಾಮಗಿರಿ ನಿಲ್ಲಿಸಲು ಸಂವಿಧಾನವೇ ತಿದ್ದುಪಡಿಯಾಗಿ ಅವನ ಕೈ ತಿರುಚುವವರೆಗೂ ದುಡಿಸಿದ. ಐಶಮ್ ಟೆಕ್ಸಾಸಿನ ಶಿಬಿರದಲ್ಲಿ ಜ್ವರ ಬಂದು ಸತ್ತ. ಅವನನ್ನು ಹೂತದ್ದೆಲ್ಲಿ ಎಂದು ಯಾರೂ ಹೇಳಲಿಲ್ಲ.

ಹೋದ ವಾರ ಎಸ್ಟಿಸ್‌ನ ಮೊಮ್ಮಗಳು ಹಂದಿಮಾಂಸದ ಬುಟ್ಟಿ ಹಿಡಿದು ಅಜ್ಜಿಯ ಮನೆಗೆ ಬಂದಿದ್ದಳು. ಸಮಾರಂಭಕ್ಕೆ ಬಂದು ತಾತನ ಬಗ್ಗೆ ಎರಡು ಒಳ್ಳೆಯ ಮಾತಾಡಬೇಕೆಂದು ಕೇಳಿದಳು.

"ಬರ್ತೀನಿ ತಾಯಿ," ಎಂದಳಂತೆ ಅಜ್ಜಿ. "ಬರೋವಾಗ ಉಳಿ ತರ್ತೀನಿ."

ಅವಳು ಹೋಗಿಯೇ ಹೋಗುತ್ತಾಳೆ. ಆದರೆ ಸೆಣಬು ಬಡಿದ ಆ ಕೈಗಳಿಗೆ ಈಗ ಚಮಚ ಎತ್ತಲೂ ಆಗದು. ಕ್ಷಮಿಸು ಎಂದು ಅವಳಿಗೆ ಬುದ್ಧಿ ಹೇಳಬೇಡಿ. ಓದಿ ನಿಟ್ಟುಸಿರು ಬಿಟ್ಟು ಪತ್ರಿಕೆ ಮಡಚಲೂ ಬೇಡಿ. ಶುಕ್ರವಾರ ಹತ್ತು ಗಂಟೆಗೆ, ಅವರ ಹೂವು ಬರುವ ಮೊದಲು, ಸುತ್ತಿಗೆ ಹಿಡಿದು ಗೋರಿಯ ಹತ್ತಿರ ಬನ್ನಿ.