ಮಂಜಿನೊಳಗೆ ಅತ್ತೆ ಕೂಗಿದ ಕೂಗು

ಎರಡು ವರ್ಷದ ಹಿಂದಿನ ಜನವರಿ. ನಾವು ಆಗಷ್ಟೇ ಆಮ್‌ಸ್ಟರ್‌ಡ್ಯಾಮಿನ ಬಾಡಿಗೆ ಫ್ಲ್ಯಾಟ್ ಬಿಟ್ಟು ಬಾಡ್‌ಹೂವೆಡಾರ್ಪ್‌ನ ಮನೆಗೆ ಬಂದಿದ್ದೆವು. ತಲೆ ಮೇಲೆಯೇ ವಿಮಾನ ಹಾರುವ ಊರು. ನನ್ನ ಅತ್ತೆ ಗಿರಿಜಮ್ಮ ಮೂರು ತಿಂಗಳು ನಮ್ಮ ಜೊತೆ ಇರಲೆಂದು ಕುಂದಾಪುರದಿಂದ ಬಂದಿದ್ದರು. ಮಾವ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ.

ಮಾವ ಹೋದಾಗ ಅತ್ತೆ ಅಳಲಿಲ್ಲವಂತೆ. ಬಂದವರಿಗೆಲ್ಲ ಕಾಫಿ ಆಯ್ತಾ, ಊಟ ಆಯ್ತಾ ಎಂದು ವಿಚಾರಿಸುತ್ತಾ ಓಡಾಡಿದರಂತೆ. ಇಲ್ಲಿಗೆ ಬಂದ ಮೇಲೂ ಹಾಗೆಯೇ ಇದ್ದರು. ಕೇಳಿದ್ದಕ್ಕೆ ಉತ್ತರ, ಇಲ್ಲದಿದ್ದರೆ ಕಿಟಕಿ. ನಾನು ಮೈಸೂರಿನವಳು, ಮಾತಿಲ್ಲದ ಮನೆ ಅಂದರೆ ನನಗೆ ಉಸಿರು ಕಟ್ಟಿದ ಹಾಗೆ. ಟಿವಿಯಲ್ಲಿ ಕನ್ನಡ ಧಾರಾವಾಹಿ ಹಾಕಿ ಕೊಟ್ಟೆ. ಟ್ರ್ಯಾಮ್ ಹತ್ತಿಸಿ ಊರು ತೋರಿಸಿದೆ. "ಚೆಂದ ಉಂಟು" ಅನ್ನುತ್ತಿದ್ದರು, ಅಷ್ಟೇ. ನನ್ನ ಗಂಡ ಸುಧೀರ್ ಮಾತ್ರ "ಬಿಡು, ಅಮ್ಮ ಸ್ವಲ್ಪ ದಿನಕ್ಕೆ ಸರಿ ಹೋಗ್ತಾರೆ" ಎನ್ನುತ್ತಿದ್ದ.

ಪಕ್ಕದ ಮನೆಯಲ್ಲಿ ಖೇರಾರ್ಡ್ ಎಂಬ ನಿವೃತ್ತರು ಒಬ್ಬರೇ ಇದ್ದರು. ಶನಿವಾರ ಬಂತೆಂದರೆ ಮನೆ ಮುಂದೆ ಮೀನು ಹಿಡಿಯುವ ಕೋಲುಗಳನ್ನು ಹರಡಿಕೊಂಡು ಕೂರುವವರು. ಅಂಥ ಒಂದು ಶನಿವಾರ ನಾನು ತರಕಾರಿ ತಂದು ಸೈಕಲ್ ನಿಲ್ಲಿಸುತ್ತಿದ್ದೆ. ಅತ್ತೆ ಸ್ವೆಟರ್ ಕೂಡ ಹಾಕದೆ ಹೊರಗೆ ಬಂದು, ಖೇರಾರ್ಡ್ ಎದುರು ನಿಂತು, ದಾರವನ್ನು ಬೆರಳಲ್ಲಿ ಎಳೆದು ನೋಡುತ್ತಿದ್ದರು.

"ಇವ್ರ್ ಗಾಳ ಹಾಕುಕೆ ಹೋಪುದಾ?" ಎಂದು ನನ್ನನ್ನು ಕೇಳಿದರು.

ನಾನು ಖೇರಾರ್ಡ್‌ಗೆ ಇಂಗ್ಲಿಷಿನಲ್ಲಿ ಕೇಳಿದೆ. ಅವರು ಉತ್ಸಾಹದಿಂದ ವಿವರಿಸಿದರು. ಇಷ್ಟು ವರ್ಷ ಕಾಲುವೆಗಳಲ್ಲಿ, ಹತ್ತಿರದ ಸಣ್ಣ ಕೆರೆಯಲ್ಲಿ ಹಿಡಿಯುತ್ತಿದ್ದರಂತೆ. ಈ ಚಳಿಗಾಲ ಮೊದಲ ಬಾರಿಗೆ ಮಾರ್ಕರ್‌ಮೇರ್ ಎಂಬ ದೊಡ್ಡ ಸರೋವರಕ್ಕೆ ದೋಣಿ ಇಳಿಸಬೇಕು ಅಂತಿದ್ದರು. ಅಲ್ಲಿ 'ಸ್ನೂಕ್‌ಬಾರ್ಸ್' ಎಂಬ ಮೀನು ಚಳಿಗೆ ತಳ ಸೇರಿ ಗುಂಪುಗುಂಪಾಗಿ ಇರುತ್ತದಂತೆ.

"ನಾನೂ ಬತ್ತೆ ಅಂತ್ ಹೇಳ್ ಕಾಂಬ" ಎಂದರು ಅತ್ತೆ.

ನನಗೆ ನಂಬಲಾಗಲಿಲ್ಲ. ಈ ದೇಶಕ್ಕೆ ಬಂದ ಮೇಲೆ ಅವರು ಬಾಯಿಬಿಟ್ಟು ಕೇಳಿದ ಮೊದಲ ಆಸೆ ಅದು. ಖೇರಾರ್ಡ್ ಖುಷಿಯಿಂದ ಒಪ್ಪಿದರು. ಮುಂದಿನ ಶನಿವಾರ ಸುಧೀರ್‌ಗೆ ಆಫೀಸಿನಲ್ಲಿ ತಪ್ಪಿಸಲಾಗದ ಕೆಲಸ ಬಿತ್ತು. ಇಬ್ಬರ ನಡುವೆ ಮಾತು ದಾಟಿಸಲು ಯಾರಾದರೂ ಬೇಕಲ್ಲ? ಹುಟ್ಟಿದಾಗಿನಿಂದ ಮೀನು ಮುಟ್ಟದ ನಾನು ಹೊರಟೆ.

ಬೆಳಿಗ್ಗೆ ಬಿಸಿಲಿತ್ತು. ಖೇರಾರ್ಡ್ ನಮಗೆ ಲೈಫ್ ಜಾಕೆಟ್ ತೊಡಿಸಿ, ಬೆಲ್ಟನ್ನು ಎರಡೆರಡು ಸಲ ಎಳೆದು ನೋಡಿ, ಚಿಕ್ಕ ಅಲ್ಯೂಮಿನಿಯಂ ದೋಣಿಯಲ್ಲಿ ಕೂರಿಸಿದರು. ದಡ ಬಿಟ್ಟು ಸ್ವಲ್ಪ ದೂರ ಹೋದ ಮೇಲೆ ಎದುರಿನ ದಡ ಕಾಣಿಸಲೇ ಇಲ್ಲ. ಸರೋವರ ಎಂದರೆ ನನ್ನ ಮನಸ್ಸಿನಲ್ಲಿ ಕುಕ್ಕರಹಳ್ಳಿ ಕೆರೆ. ಇದು ಸಮುದ್ರದ ಹಾಗಿತ್ತು, ಅಲೆ ಮಾತ್ರ ಇರಲಿಲ್ಲ. ಕೆನ್ನೆ ಮರಗಟ್ಟುವ ಚಳಿ. ಅತ್ತೆ ಮಂಕಿ ಕ್ಯಾಪಿನೊಳಗಿಂದ ನೀರನ್ನೇ ನೋಡುತ್ತಿದ್ದರು.

ಮೀನು ಹಿಡಿಯುವ ರೀತಿ ಸರಳವಾಗಿತ್ತು. ರಬ್ಬರಿನ ಮೀನು ಕಟ್ಟಿದ ಗಾಳವನ್ನು ದೋಣಿಯ ಪಕ್ಕದಲ್ಲಿ ನೇರ ಕೆಳಗೆ ಬಿಡುವುದು, ತಳ ತಾಗಿದ ಮೇಲೆ ಒಂದಿಷ್ಟು ಎತ್ತಿ ಮೆಲ್ಲಗೆ ಕುಣಿಸುವುದು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಅತ್ತೆಯ ಕೋಲು ಒಮ್ಮೆಲೇ ಬಗ್ಗಿತು. ಖೇರಾರ್ಡ್ ಬಲೆ ಹಿಡಿದು ಬಗ್ಗಿದರು. ಮೇಲೆ ಬಂದ ಮೀನು ಮೊಣಕೈಯಿಂದ ಬೆರಳ ತುದಿಯಷ್ಟು ಉದ್ದ, ಬೆನ್ನ ಮೇಲೆ ಮುಳ್ಳಿನ ರೆಕ್ಕೆ, ಗಾಜಿನ ಗೋಲಿಯಂಥ ಕಣ್ಣು. ಅತ್ತೆ ನಕ್ಕರು. ಹಲ್ಲು ಕಾಣುವ ಹಾಗೆ ನಕ್ಕರು.

ಖೇರಾರ್ಡ್ ಫೋಟೋ ತೆಗೆದು, ಮೀನನ್ನು ವಾಪಸ್ ನೀರಿಗೆ ಬಿಡಲು ಹೊರಟರು. ಅವರ ಪದ್ಧತಿ ಅದು.

"ಬಿಡುದಾ? ಬಿಡುದಾರೆ ಹಿಡುದ್ ಎಂತಕೆ ಅಂತ್ ಕೇಣ್" ಎಂದರು ಅತ್ತೆ.

ನಾನು ಹಾಗೆಯೇ ಕೇಳಿದೆ. ಖೇರಾರ್ಡ್ "ನಲವತ್ತು ವರ್ಷದಿಂದ ನನ್ನನ್ನು ಯಾರೂ ಇದನ್ನು ಕೇಳಿಲ್ಲ" ಎಂದು ನಗುತ್ತಾ ಮೀನನ್ನು ಡಬ್ಬಕ್ಕೆ ಹಾಕಿದರು.

ಆ ನಗುವಿನಲ್ಲಿ ನಾವು ಯಾರೂ ಆಕಾಶ ಗಮನಿಸಲಿಲ್ಲ. ತಲೆ ಎತ್ತಿ ನೋಡಿದರೆ ಬಿಸಿಲು ಇಲ್ಲ. ನೀರಿನ ಮೇಲೆ ಮಂಜು ಹಬ್ಬಿಕೊಂಡು ಬರುತ್ತಿತ್ತು. ಖೇರಾರ್ಡ್ ತಕ್ಷಣ ಗಾಳಗಳನ್ನು ಮೇಲೆತ್ತಿ ಮೋಟಾರು ಹಚ್ಚಿದರು. ಸ್ವಲ್ಪ ಹೊತ್ತಿನಲ್ಲೇ ದೋಣಿಯ ಮೂತಿಯಾಚೆ ಏನೂ ಕಾಣದಾಯಿತು. ಅವರು ಮುಂದಿದ್ದ ಚಿಕ್ಕ ಮ್ಯಾಪ್ ಪರದೆ ನೋಡಿಕೊಂಡು ನಿಧಾನಕ್ಕೆ ಬಿಡುತ್ತಿದ್ದರು. ಇದ್ದಕ್ಕಿದ್ದಂತೆ ಕೆಳಗಿನಿಂದ ಏನೋ ಎಳೆದ ಹಾಗಾಗಿ ಮೋಟಾರು ಕಟಕಟ ಎಂದು ನಿಂತಿತು. ಯಾವುದೋ ಹಳೆಯ ಬಲೆಯ ಹಗ್ಗ ನೀರಿನೊಳಗೆ ಮೋಟಾರಿನ ಫ್ಯಾನಿಗೆ ಸುತ್ತಿಕೊಂಡಿತ್ತು.

ಖೇರಾರ್ಡ್ ಚಾಕು ಹಿಡಿದು ಹಿಂದಕ್ಕೆ ಬಗ್ಗಿದರು. ಹಗ್ಗ ಎಳೆಯುವಾಗ ಕಾಲು ಜಾರಿತು. ತಲೆಕೆಳಗಾಗಿ ಎದೆಯವರೆಗೆ ನೀರಿಗೆ ಬಿದ್ದರು. ಅತ್ತೆ ಅವರ ಲೈಫ್ ಜಾಕೆಟಿನ ಪಟ್ಟಿಯನ್ನು ಹಿಡಿದುಕೊಂಡರು, ನಾನು ಪ್ಯಾಂಟಿನ ಬೆಲ್ಟ್ ಹಿಡಿದೆ. ದೋಣಿ ಒಂದು ಕಡೆ ವಾಲಿ ನೀರು ಒಳಗೆ ನುಗ್ಗಿತು. ಹೇಗೆ ಎಳೆದುಕೊಂಡೆವೋ ಗೊತ್ತಿಲ್ಲ. ಒಳಗೆ ಬಿದ್ದ ಖೇರಾರ್ಡ್‌ಗೆ ಮಾತೇ ಬರುತ್ತಿರಲಿಲ್ಲ, ಹಲ್ಲು ಕಟಕಟಿಸುತ್ತಿತ್ತು. ಅವರ ಫೋನು ಎದೆಯ ಜೇಬಿನಲ್ಲಿ ನೆನೆದು ಸತ್ತಿತ್ತು. ನನ್ನದು, ಬೆಳಿಗ್ಗೆಯಿಂದ ವಿಡಿಯೋ ತೆಗೆದಿದ್ದಕ್ಕೋ ಚಳಿಗೋ, ಆಫ್ ಆಗಿಹೋಗಿತ್ತು.

ಈ ದೇಶದಲ್ಲಿ ಯಾರಿಗೂ ಕೈ ಕೊಟ್ಟು ಹಲೋ ಎನ್ನದ ಅತ್ತೆ ಆಗ ಖೇರಾರ್ಡ್‌ರ ಒದ್ದೆ ಜಾಕೆಟ್ ಬಿಚ್ಚಿಸಿದರು. ತಮ್ಮ ಶಾಲನ್ನು ಅವರ ಎದೆಗೆ ಸುತ್ತಿ, ಮೇಲೆ ನನ್ನ ಕೋಟು ಹೊದಿಸಿ, ಲೈಫ್ ಜಾಕೆಟ್ಟನ್ನು ಮತ್ತೆ ಬಿಗಿದರು. ಅವರ ಎರಡೂ ಕೈಯನ್ನು ತಮ್ಮ ಕೈಯಲ್ಲಿಟ್ಟು ಉಜ್ಜತೊಡಗಿದರು. ಅಷ್ಟರಲ್ಲಿ ದೊಡ್ಡ ಇಂಜಿನ್ನಿನ ಸದ್ದು ಕೇಳಿಸಿತು. ಸರಕು ಸಾಗಿಸುವ ಹಡಗು. ಯಾವ ಕಡೆಯಿಂದ ಬರುತ್ತಿದೆ ಎಂದು ತಿಳಿಯುತ್ತಿಲ್ಲ. ಸದ್ದು ಹತ್ತಿರವಾಯಿತು, ಇನ್ನೂ ಹತ್ತಿರವಾಯಿತು. ನಾನು ಕಣ್ಣು ಮುಚ್ಚಿಕೊಂಡೆ. ಅದು ಕಾಣಿಸಲೇ ಇಲ್ಲ, ಅದು ಎಬ್ಬಿಸಿದ ಅಲೆ ಮಾತ್ರ ಬಂದು ನಮ್ಮನ್ನು ತೊಟ್ಟಿಲಂತೆ ತೂಗಿತು. ನಾನು ಜೋರಾಗಿ ಅಳತೊಡಗಿದೆ.

"ಎಂತದೂ ಆತಿಲ್ಲ ಹೆಣೆ, ಹೆದ್ರಬೇಡ" ಎಂದರು ಅತ್ತೆ.

"ಕೂಗಿ... ಎಲ್ಲರೂ ಕೂಗಿ" ಎಂದು ಖೇರಾರ್ಡ್ ತೊದಲಿದರು.

ನಾನು ಹೆಲ್ಪ್ ಎಂದು ಕೂಗಿದೆ. ದನಿ ದೋಣಿಯಾಚೆಗೂ ಹೋಗಲಿಲ್ಲ. ಆಗ ಅತ್ತೆ ಎದ್ದು ಮಂಡಿಯೂರಿ ಕೂತರು. ಮಂಕಿ ಕ್ಯಾಪ್ ಕಿತ್ತು ಹಾಕಿದರು. ಎರಡೂ ಕೈಯನ್ನು ಬಾಯಿಯ ಸುತ್ತ ಹಿಡಿದು,

"ಹ್ವಾಯ್...! ಹ್ವಾಯ್...! ಊಟಕ್ ಬನ್ನೀ...!" ಎಂದು ಕೂಗಿದರು.

ನನ್ನ ಅಳು ನಿಂತುಹೋಯಿತು. ಸುಧೀರ್ ಎಂದೋ ಹೇಳಿದ್ದು ನೆನಪಾಯಿತು. ಮಾವ ಭಾನುವಾರ ಬಂದರೆ ಹೊಳೆಯಲ್ಲಿ ದೋಣಿ ನಿಲ್ಲಿಸಿಕೊಂಡು ಗಾಳ ಹಾಕಿ ಕೂತುಬಿಡುತ್ತಿದ್ದರಂತೆ. ಅಡುಗೆ ಆದ ಮೇಲೆ ಅತ್ತೆ ದಡಕ್ಕೆ ಬಂದು ಹೀಗೆಯೇ ಕರೆಯುತ್ತಿದ್ದರಂತೆ. ಗಂಡನ ಹೆಸರು ಹಿಡಿದು ಕರೆಯುವ ರೂಢಿ ಇಲ್ಲ. ಅವರ ಪಾಲಿಗೆ ಮಾವ ಯಾವಾಗಲೂ 'ಹ್ವಾಯ್'.

ಅತ್ತೆ ನಿಲ್ಲಿಸಲಿಲ್ಲ. ಆ ಸಣ್ಣ ಮೈಯಿಂದ ಅಷ್ಟು ದೊಡ್ಡ ದನಿ ಹೇಗೆ ಬರುತ್ತಿತ್ತೋ. ಕೂಗುವುದು, ಕಿವಿಗೊಟ್ಟು ಕೇಳುವುದು, ಮತ್ತೆ ಕೂಗುವುದು. ಕೂಗುತ್ತಾ ಕೂಗುತ್ತಾ ದನಿ ಬದಲಾಯಿತು. ಮೊದಲು ಕರೆಯುವ ಹಾಗಿದ್ದದ್ದು ಆಮೇಲೆ ಬೈಯುವ ಹಾಗಾಯಿತು. "ಎಷ್ಟ್ ಹೊತ್ತ್ ಕಾಯುದ್ ನಾನ್? ಬನ್ನೀ...!" ಎಂದರು. ಮುಖವೆಲ್ಲ ಒದ್ದೆಯಾಗಿತ್ತು. ಮಂಜಿನ ಹನಿ ಎಂದುಕೊಳ್ಳಲು ನೋಡಿದೆ, ಆಗಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ದೂರದಿಂದ ಒಂದು "ಹಲೋ" ಕೇಳಿಸಿತು. ಅತ್ತೆ ಕೂಗಿದರು. ಮತ್ತೆ "ಹಲೋ", ಈ ಸಲ ಹತ್ತಿರದಿಂದ. ಮಂಜಿನೊಳಗಿಂದ ಹಳದಿ ದೀಪ ಹೊತ್ತ ಒಂದು ದೋಣಿ ಮೆಲ್ಲಗೆ ಹೊರಬಂತು. ಅದರಲ್ಲಿದ್ದವರು ನಡುವಯಸ್ಸಿನ ಗಂಡ ಹೆಂಡತಿ, ಅವರೂ ಮೀನಿಗೆ ಬಂದವರೇ. ಖೇರಾರ್ಡ್‌ರನ್ನು ತಮ್ಮ ದೋಣಿಯ ಕ್ಯಾಬಿನ್ನಿಗೆ ಹತ್ತಿಸಿಕೊಂಡು, ಹೀಟರ್ ಮುಂದೆ ಕೂರಿಸಿ, ನಮ್ಮಿಬ್ಬರನ್ನೂ ಒಳಗೆ ಕರೆದುಕೊಂಡು, ವಯರ್‌ಲೆಸ್‌ನಲ್ಲಿ ದಡಕ್ಕೆ ಸುದ್ದಿ ಕೊಟ್ಟರು. ಬಲೆಯ ಹಗ್ಗ ಕಡಿದು, ನಮ್ಮ ದೋಣಿಯನ್ನು ತಮ್ಮದಕ್ಕೆ ಕಟ್ಟಿಕೊಂಡರು.

ಆ ಹೆಂಗಸು ನಮಗೆ ಬಿಸಿ ಸೂಪ್ ಕೊಡುತ್ತಾ, "ಈ ಮಂಜಿನಲ್ಲಿ ಸುಮ್ಮನೆ ಲಂಗರು ಹಾಕಿ ಕೂತಿದ್ದೆವು. ಯಾರೋ ಯಾರನ್ನೋ ಕರೆಯುತ್ತಿದ್ದಾರೆ ಅನ್ನಿಸಿತು. ಈ ಅಮ್ಮ ಏನೆಂದು ಕೂಗುತ್ತಿದ್ದರು?" ಎಂದು ಕೇಳಿದಳು.

ನನಗೆ ಬರುವ ಅರ್ಧಂಬರ್ಧ ಡಚ್‌ನಲ್ಲಿ "ಊಟಕ್ಕೆ ಬನ್ನಿ ಅಂತ" ಎಂದೆ. ಅವಳು ನಕ್ಕಳು. ಖೇರಾರ್ಡ್ ನಡುಗುತ್ತಲೇ ನಕ್ಕರು. ನಾನು ಅತ್ತೆಗೆ ಅವಳ ಮಾತನ್ನು ಹೇಳಿದೆ. ಅತ್ತೆ ಸೂಪಿನ ಲೋಟ ಕೆಳಗಿಟ್ಟು ನನ್ನ ಹೆಗಲಿಗೆ ಹಣೆ ಒತ್ತಿದರು. ದಡ ಸೇರುವವರೆಗೂ ಅತ್ತರು. ನಾನು ಬೆನ್ನು ಸವರುತ್ತಾ ಕೂತಿದ್ದೆ.

ಖೇರಾರ್ಡ್‌ರನ್ನು ಆಂಬುಲೆನ್ಸಿನವರು ಪರೀಕ್ಷಿಸಿ, ಶಾಲು ಸುತ್ತಿದ್ದು ಒಳ್ಳೆಯದಾಯಿತು ಎಂದು ಮನೆಗೆ ಕಳಿಸಿದರು. ಮಾರನೆಯ ದಿನ ಅತ್ತೆ ಮೀನು ಸಾರು ಮಾಡಿ ಅವರ ಮನೆಗೂ ಕೊಟ್ಟರು. ನನಗೆ ವಾಸನೆಗೆ ತಲೆ ಸುತ್ತಿತು, ಆದರೂ ಅಡುಗೆ ಮನೆ ಬಿಟ್ಟು ಏಳಲಿಲ್ಲ. ಏಕೆಂದರೆ ಅತ್ತೆ ಮಾತಾಡುತ್ತಿದ್ದರು. ಮಾವನಿಗೆ ಹುಳಿ ಎಷ್ಟು ಬೇಕಿತ್ತು, ಒಮ್ಮೆ ಎರಡು ದಿನ ಹೇಗೆ ಸಿಟ್ಟು ಮಾಡಿಕೊಂಡಿದ್ದರು, ಆಸ್ಪತ್ರೆಯಲ್ಲಿ ಕೊನೆಗೆ ಏನು ಹೇಳಿದರು, ಎಲ್ಲವನ್ನೂ.

ದುಃಖದಲ್ಲಿರುವವರ ಮೌನ ಕಂಡರೆ ನನಗೆ ಈಗಲೂ ಏನಾದರೂ ಮಾಡಿ ಅದನ್ನು ತುಂಬಿಬಿಡಬೇಕು ಅನ್ನಿಸುತ್ತದೆ. ಆದರೆ ಕೈ ತಡೆಯುತ್ತೇನೆ. ಅವರಿಗೆ ನಾನು ಕೊಡುವ ಮಾತಿಗಿಂತ, ದನಿ ಎತ್ತಲು ಒಂದಿಷ್ಟು ಜಾಗ ಬೇಕಿರಬಹುದು. ಆ ದಿನ ಅತ್ತೆ ನಮ್ಮನ್ನು ಉಳಿಸಲು ಕೂಗಿದರೋ, ನಿಜವಾಗಿ ಮಾವನನ್ನೇ ಕರೆದರೋ ಎಂದು ನಾನು ಇಂದಿಗೂ ಕೇಳಿಲ್ಲ. ಕೇಳಿದರೆ ಅವರಿಗೂ ಉತ್ತರ ಗೊತ್ತಿರಲಿಕ್ಕಿಲ್ಲ.